ಅಡಾಪ್ಟರ್ ಸುಟ್ಟ ಮಳೆಗಾಲ

ಮೊನ್ನೆ ಅಡುಗೆಮನೆಯಲ್ಲಿ ಮೊಬೈಲಿನ ಚಾರ್ಜರ್ ಸುಟ್ಟುಹೋಯಿತು. ಹೊಗೆಯೇನೂ ಬರಲಿಲ್ಲ, ಪಟ್ ಎಂದು ಸಣ್ಣ ಸದ್ದು, ಆಮೇಲೆ ವಾಸನೆ. ಮಗಳು ಓಡಿಬರುವಷ್ಟರಲ್ಲಿ ನಾನು ಸ್ವಿಚ್ ಆರಿಸಿ ಆ ಪುಟ್ಟ ಡಬ್ಬಿಯನ್ನು ಮೂಗಿಗೆ ಹಿಡಿದುಕೊಂಡು ನಿಂತಿದ್ದೆ. "ಅವ್ವಾ, ಅದೇನ್ ಮಲ್ಲಿಗಿ ಹೂವೇನ, ಹಂಗ ಮೂಸಾಕತ್ತೀ?" ಎಂದು ನಕ್ಕಳು. ಹೇಗೆ ಹೇಳಲಿ ಅವಳಿಗೆ? ಸುಟ್ಟ ವಾರ್ನಿಶು, ಕರಗಿದ ಪ್ಲಾಸ್ಟಿಕ್ಕು ಸೇರಿದ ಈ ವಾಸನೆ ನನ್ನ ಪಾಲಿಗೆ ಮಸ್ಕಿಯದು. ಅಲ್ಲಿ ಕಳೆದ ಒಂದು ಮಳೆಗಾಲದಲ್ಲಿ ನಾನು ಒಬ್ಬ ಹೆಂಗಸಿನ ಮಾತನ್ನು ನನ್ನ ಕೈಯಾರೆ ಕಳೆದುಕೊಂಡೆ. ಅದನ್ನು ಮರಳಿ ಪಡೆಯಲು ಹೋಗಿ ಇನ್ನೂ ದೊಡ್ಡ ತಪ್ಪು ಮಾಡಿದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಲುವೆ ಕೆಳಗಿನ ಗದ್ದೆಗಳಲ್ಲಿ ನೀರು ನಿಂತು ನೆಲ ಸವಳಾಗುತ್ತಿತ್ತಲ್ಲ, ಅದರ ಸಮೀಕ್ಷೆಗೆಂದು ಧಾರವಾಡದಿಂದ ನನ್ನನ್ನು ಕಳಿಸಿದ್ದರು. ಮದುವೆಯಾಗದ ಹುಡುಗಿ ಒಬ್ಬಳೇ ಹೋಗುವುದೇ ಎಂದು ಮನೆಯವರೆಲ್ಲ ಒಂದಾಗಿ ನಿಂತಾಗ, "ನಾನೇನು ಸಣ್ಣ ಕೂಸೇ?" ಎಂದು ಜಗಳವಾಡಿ ಬಸ್ಸು ಹತ್ತಿದವಳು ನಾನು. ಗದ್ದೆಗಳಿದ್ದದ್ದು ಸಿಂಧನೂರು ಕಡೆಯ ಜವಳಗೇರಾ, ಮುಕ್ಕುಂದಗಳಲ್ಲಿ. ಕಾಗದಪತ್ರಕ್ಕೆ ಹೋಗಬೇಕಾದದ್ದು ಲಿಂಗಸುಗೂರಿನ ಕಚೇರಿಗಳಿಗೆ. ಎರಡರ ನಡುವೆ ಮಸ್ಕಿ. ಅಲ್ಲೇ ಒಂದು ಕೋಣೆ ಹಿಡಿದೆ. ಮೊದಲು ಜೋಳದ ಚೀಲ ಒಟ್ಟುತ್ತಿದ್ದ ಕೋಣೆಯಂತೆ, ಗೋಡೆಯ ಬಿರುಕಿನಲ್ಲಿ ಇನ್ನೂ ಕಾಳು ಸಿಗುತ್ತಿದ್ದವು.

ನನ್ನ ಜೊತೆ ಒಂದು ಲ್ಯಾಪ್‌ಟಾಪ್ ಕೊಟ್ಟಿದ್ದರು. ಈಗಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಓಡಾಡುವ ವಸ್ತುವಲ್ಲ ಅದು. ಮೂರು ಇಟ್ಟಿಗೆಯಷ್ಟು ತೂಕ, ನಾಲ್ಕನೇ ಇಟ್ಟಿಗೆಯೇ ಅದರ ಅಡಾಪ್ಟರ್. ಓಣಿಯ ಮಕ್ಕಳು ಅದಕ್ಕೆ "ಸೂಟ್‌ಕೇಸ್ ಟೀವಿ" ಎಂದು ಹೆಸರಿಟ್ಟರು. ಹಗಲು ರೈತರ ಹತ್ತಿರ ನಮೂನೆ ತುಂಬಿಸಿಕೊಂಡು ಬಂದು, ಸಂಜೆ ಅದರಲ್ಲಿ ಹಾಕಬೇಕು, ದೀಪಾವಳಿಯೊಳಗೆ ಎಲ್ಲ ಮುಗಿಯಬೇಕು. ಇದು ಧಾರವಾಡದ ಸಾಹೇಬರ ಅಪ್ಪಣೆ.

ದಿನಕ್ಕೆ ಹತ್ತಾರು ಜನರ ಜೊತೆ ಮಾತಾಡುತ್ತಿದ್ದೆ. ಆದರೆ ಅವೆಲ್ಲ ಮಾತೇ? ಎಷ್ಟು ಎಕರೆ, ಯಾವ ತೂಬು, ನೀರು ಎಷ್ಟು ದಿನ ನಿಲ್ಲುತ್ತದೆ. ಅವರು ಹೇಳುವರು, ನಾನು ಬರೆಯುವೆ. ನನ್ನನ್ನು ತಿರುಗಿ ಏನಾದರೂ ಕೇಳುತ್ತಿದ್ದವಳು ಒಬ್ಬಳೇ, ಮನೆಯ ಒಡತಿ ಹುಲಿಗೆಮ್ಮ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ಮತ್ತು ಮಗ ಕುರಿ ಹಿಂಡು ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಊರಿಗೆ ಬರುತ್ತಿರಲಿಲ್ಲ. ಆಕೆ ಬತ್ತದ ನಾಟಿ ಹಚ್ಚುವ ಹೆಂಗಸರ ಗುಂಪಿನ ಮುಂದಾಳು. ಬೆಳಿಗ್ಗೆ ಟ್ರ್ಯಾಕ್ಟರ್ ಹತ್ತಿದರೆ ಸಂಜೆಯೇ ಮರಳಿಬರುವುದು. ಬಂದವಳು ನನ್ನ ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಕೂತು ಭಾಂಡೆ ತಿಕ್ಕುತ್ತ ಮಾತು ಸುರುಮಾಡುತ್ತಿದ್ದಳು.

"ಏನ್ ಉಂಡೀ ತಂಗಿ? ಮತ್ತ ಆ ಅವಲಕ್ಕಿನೇ ಏನ?"

"ಹೂಂ ದೊಡ್ಡವ್ವ."

"ಅವಲಕ್ಕಿ ತಿಂದು ತಿಂದು ಗುಬ್ಬಿ ಆಗ್ತೀ ನೋಡು. ಕುರಿ ಜೋಡಿ ಮಾತಾಡಿ ಮಾತಾಡಿ ನನ್ನ ಗಂಡ ಮನುಷ್ಯಾರ ಜೋಡಿ ಮಾತಾಡೂದು ಮರ್ತಾನ. ನೀ ಆ ಡಬ್ಬಿ ಜೋಡಿ ಕುಂತು ಅವನಂಗ ಆಗಬ್ಯಾಡ."

ಅವತ್ತು ಟ್ರ್ಯಾಕ್ಟರಿನಲ್ಲಿ ಯಾರು ಯಾರ ಕಾಲು ತುಳಿದರು, ಗದ್ದೆಯ ಒಡೆಯನ ಹೆಂಡತಿ ಚಹಾದಲ್ಲಿ ಎಷ್ಟು ನೀರು ಬೆರೆಸಿದ್ದಳು, ಎಲ್ಲ ವರದಿ ಆಗುತ್ತಿತ್ತು. ನಾನು ಅರ್ಧ ಕೇಳುತ್ತ ಅರ್ಧ ಬೆರಳಾಡಿಸುತ್ತ ಕೂತಿರುತ್ತಿದ್ದೆ. ಆ ಒಂದು ತಾಸು ಇಲ್ಲದಿದ್ದರೆ ಮೊದಲ ತಿಂಗಳಲ್ಲೇ ಪೆಟ್ಟಿಗೆ ಕಟ್ಟುತ್ತಿದ್ದೆನೇನೋ. ಆದರೆ ಅದು ಆಗ ನನಗೆ ತಿಳಿದಿರಲಿಲ್ಲ.

ಮೊದಲು ಕೈಕೊಟ್ಟದ್ದು ಅಡಾಪ್ಟರಿನ ವೈರು. ಪಿನ್ನನ್ನು ಒಂದು ಕಡೆ ಬಾಗಿಸಿ ಹಿಡಿದರೆ ಚಾರ್ಜು, ಬಿಟ್ಟರೆ ಇಲ್ಲ. ಅದನ್ನೂ ಲ್ಯಾಪ್‌ಟಾಪನ್ನೂ ತೆಗೆದುಕೊಂಡು ಲಿಂಗಸುಗೂರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರ ಅಮರೇಶಪ್ಪ ಎಂಬವನ ರಿಪೇರಿ ಅಂಗಡಿ ಇತ್ತು. ರೇಡಿಯೊ, ಟೇಪು, ಸ್ಟೆಬಿಲೈಜರು ಅಂಗಡಿ ತುಂಬ ಬಿದ್ದಿದ್ದವು. ಲ್ಯಾಪ್‌ಟಾಪ್ ಅನ್ನು ಅವನು ಅದೇ ಮೊದಲು ಕಂಡದ್ದು. ಆದರೂ ಗಾಬರಿಯಾಗಲಿಲ್ಲ. ಅಡಾಪ್ಟರನ್ನು ಕೈಯಲ್ಲಿ ತೂಗಿ ನೋಡಿ, "ಇದು ರೇಡಿಯೊಕ್ಕ ಸೆಲ್ ಬದಲಿ ಹಚ್ಚೂ ಎಲಿಮಿನೇಟರಿನ ಅಣ್ಣ ಅಷ್ಟ ರೀ" ಎಂದ. ವೈರನ್ನು ಬೆರಳಲ್ಲಿ ಒತ್ತುತ್ತ ಹೋಗಿ, ಡಬ್ಬಿಯ ಕುತ್ತಿಗೆಯ ಹತ್ತಿರ ನಿಲ್ಲಿಸಿದ.

"ಇಲ್ಲಿ ಒಳಗ ಕಡದೈತ್ರಿ. ಮೇಡಮ್ಮಾರ, ನೀವು ದಿನಾ ಈ ವೈರು ಡಬ್ಬಿಗೆ ಜಗ್ಗಿ ಸುತ್ತತೀರೇನು?"

"ಹೌದು. ಹರಡಿಕೊಂಡು ಬಿದ್ದಿರಬಾರದು ಅಂತ..."

"ಸುತ್ತಬ್ಯಾಡ್ರಿ. ಸಡಿಲ ಇರಲಿ. ಕುತಗಿ ಹಿಚುಕಿದ್ರ ಯಾರು ಉಳೀತಾರ್ರಿ?"

ವೈರನ್ನು ಕತ್ತರಿಸಿ, ಹೊಸದಾಗಿ ಬೆಸೆದು ಕೊಟ್ಟ. ಚಾರ್ಜಿನ ದೀಪ ಹಸಿರಾಯಿತು. ನನ್ನ ಅಚ್ಚುಕಟ್ಟುತನಕ್ಕೆ ಬಿದ್ದ ಮೊದಲ ಪೆಟ್ಟು ಅದು. ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಒಂದು ಸಂಜೆ ಕೆಲಸ ಹಿಂದೆ ಬಿದ್ದಿತ್ತು, ತಲೆ ಸಿಡಿಯುತ್ತಿತ್ತು. ಕಿಟಕಿಯ ಹೊರಗೆ ಹುಲಿಗೆಮ್ಮ ಎಂದಿನಂತೆ ಮಾತಾಡುತ್ತ ಪಾತ್ರೆಯ ನೀರು ಚೆಲ್ಲಿದಳು. ಎರಡು ಹನಿ ಒಳಗೆ ಸಿಡಿದು ಪರದೆಯ ಮೇಲೆ ಬಿದ್ದವು. ನಾನು ಎದ್ದು ನಿಂತು ಹೇಳಿಯೇಬಿಟ್ಟೆ.

"ದೊಡ್ಡವ್ವ, ಭಾಂಡೆ ಬ್ಯಾರೆ ಕಡೆ ತಿಕ್ಕಾಕ ಆಗೂದಿಲ್ಲೇನು? ನೀರು ಸಿಡದ್ರ ಮಷೀನು ಕೆಡತದ. ಮತ್ತ ನೀ ಹಿಂಗ ಮಾತಾಡಿಕೋತ ಕುಂತ್ರ ನನಗ ಅಂಕಿ ತಪ್ಪತಾವು."

ಆಕೆ ಪಾತ್ರೆಗಳನ್ನು ಬುಟ್ಟಿಗೆ ತುಂಬಿಕೊಂಡು ಎದ್ದಳು. "ಆತ್ ಬಿಡವಾ. ನಿಂದು ದೊಡ್ಡ ಕೆಲಸ" ಎಂದಳು. ಮುನಿಸೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಅಷ್ಟೇ. ಮರುದಿನದಿಂದ ಭಾಂಡೆಯ ಸದ್ದು ಹಿತ್ತಲಿನಿಂದ ಕೇಳತೊಡಗಿತು. ಮಾತು ಕೇಳಲಿಲ್ಲ.

ನಾಲ್ಕು ದಿನ ಆಹಾ ಎಂಥ ಶಾಂತಿ ಎಂದುಕೊಂಡೆ. ಐದನೆಯ ದಿನ ಗೋಡೆಯ ಮೇಲಿನ ಹಲ್ಲಿಯ ಜೊತೆ ಮಾತಾಡಿದೆ. ಸುಳ್ಳಲ್ಲ, "ಉಂಡೆಯಾ?" ಎಂದು ಕೇಳಿದೆ. ಆಕೆ ಅಂಗಳದಲ್ಲಿ ಎದುರಾದರೆ "ಬಂದ್ಯಾ?" ಎನ್ನುವಳು, "ಬಂದೆ" ಎನ್ನುವೆ, ಮುಗಿಯಿತು. ಕರೆಯಬೇಕು ಎನಿಸುತ್ತಿತ್ತು. ಆದರೆ ಏನೆಂದು ಕರೆಯುವುದು? ನಾನೇ ಎಬ್ಬಿಸಿ ಕಳಿಸಿದ್ದು. ಬೇಜಾರು, ಬಂದು ಮಾತಾಡು ಎನ್ನಲು ನನ್ನ ಹಮ್ಮು ಬಿಡಬೇಕಲ್ಲ.

ಆ ವರ್ಷ ಶ್ರಾವಣ ಒಣಗಿಯೇ ಹೋಯಿತು. ಮೋಡ ಗುಡ್ಡದ ಮೇಲೆ ಬಂದು ನಿಂತು, ಊರನ್ನು ನೋಡಿ ಮುಂದೆ ಹೋಗುತ್ತಿತ್ತು. ಕೋಣೆಯ ಬಲ್ಬು ದಿನದಿಂದ ದಿನಕ್ಕೆ ಕೆಂಪಾಗತೊಡಗಿತು. ಫ್ಯಾನು ತಿರುಗುವುದನ್ನು ಎಣಿಸಬಹುದಿತ್ತು. ಲ್ಯಾಪ್‌ಟಾಪಿನ ಚಾರ್ಜಿನ ದೀಪ ಹತ್ತುವುದು, ಆರುವುದು, ಮತ್ತೆ ಹತ್ತುವುದು. ಹೀಗೇ ಎರಡು ವಾರ ನರಳಿ, ಒಂದು ಸಂಜೆ ಅಡಾಪ್ಟರ್ ಪಟ್ ಎಂದಿತು. ಅವತ್ತೇ ಆ ವಾಸನೆ ಮೊದಲ ಸಲ ನನ್ನ ಮೂಗಿಗೆ ಬಡಿದದ್ದು.

ಅಮರೇಶಪ್ಪ ಡಬ್ಬಿ ಬಿಚ್ಚಿದರೆ ಒಳಗೆ ಒಂದು ಭಾಗ ಕಪ್ಪಾಗಿತ್ತು. "ಇದು ನನ್ನ ಕೈಲೆ ಆಗೂದಿಲ್ರಿ, ಹೊಸದಾ ಬೇಕು" ಎಂದ. ಎಸ್‌ಟಿಡಿ ಬೂತಿನಿಂದ ಸಾಹೇಬರಿಗೆ ಫೋನು ಮಾಡಿದೆ. ಹದಿನೈದು ದಿನ ಕಾಯಿಸಿ ಹೊಸ ಅಡಾಪ್ಟರ್ ಕಳಿಸಿದರು, ಜೊತೆಗೆ ಒಂದು ಚೀಟಿ: ಇದೂ ಕೆಟ್ಟರೆ ಯಂತ್ರವನ್ನೂ ನಿಮ್ಮನ್ನೂ ವಾಪಸು ಕರೆಸಬೇಕಾಗುತ್ತದೆ. ಮನೆಯಲ್ಲಿ "ನಾವು ಆವತ್ತೇ ಹೇಳಿರಲಿಲ್ಲವೇ" ಎನ್ನಲು ಬಾಯಿ ತೆರೆದು ಕೂತವರ ಮುಖಗಳೆಲ್ಲ ಆ ಚೀಟಿಯಲ್ಲಿ ಕಂಡವು.

ಹೊಸದನ್ನು ನೇರವಾಗಿ ಅಮರೇಶಪ್ಪನ ಅಂಗಡಿಗೇ ಒಯ್ದೆ. ಅಲ್ಲಿ ಚುಚ್ಚಿದರೆ ಕುದುರೆಯ ಹಾಗೆ ಓಡಿತು. ನನ್ನ ಕೋಣೆಗೆ ತಂದರೆ ಮತ್ತೆ ಅದೇ ಕಣ್ಣುಮುಚ್ಚಾಲೆ. ಅವನ ಹತ್ತಿರ ಸ್ಟೆಬಿಲೈಜರ್ ಎರವಲು ತಂದೆ. ಅದು ದಿನವಿಡೀ ಟಕ್ ಟಕ್ ಎಂದು ಕೊನೆಗೆ ತಾನೇ ಸುಮ್ಮನಾಯಿತು. ಮರಳಿ ಕೊಡಲು ಹೋದಾಗ ಅಮರೇಶಪ್ಪ ಗಡ್ಡ ಕೆರೆದುಕೊಂಡ.

"ಡಬ್ಬಿಗೆ ರೋಗ ಇಲ್ರಿ. ಅದು ಉಣ್ಣೂ ಊಟದಾಗ ಏನೋ ಐತಿ. ಮೊದಲ ಪಂಪ್‌ಸೆಟ್ಟು ಕರೆಂಟು ಜಗ್ಗತಾವೇನೋ ಅಂತ ಸಂಶೇ ಇತ್ತು ನನಗ. ಒಂದು ಕೆಲಸ ಮಾಡ್ರಿ, ಈ ಮೀಟರ್ ಒಯ್ಯಿರಿ. ದಿನಕ್ಕ ಮೂರು ಹೊತ್ತು ಓಲ್ಟೇಜ್ ಬರೀರಿ. ಊರವರದೆಲ್ಲ ಬರೀತೀರಿ, ನಿಮ್ಮ ಮನೀದೂ ಬರೀರಿ."

ಅಲ್ಲಿಯವರೆಗೆ ಅಡಾಪ್ಟರನ್ನು ಚುಚ್ಚಲೇಬಾರದು ಎಂದ. ಬರೆದೆ. ಬೆಳಿಗ್ಗೆ ಕಡಿಮೆ, ಮಧ್ಯಾಹ್ನ ಕಡಿಮೆ, ಸಂಜೆ ಇನ್ನೂ ಕಡಿಮೆ. ಪಂಪ್‌ಸೆಟ್ಟುಗಳಿಗೆ ಕರೆಂಟಿಲ್ಲದ ಹೊತ್ತಿನಲ್ಲೂ ಅಷ್ಟೇ. ಎರಡನೆಯ ವಾರ ಕೊನೆಗೂ ಮಳೆ ಬಂತು, ಎರಡು ದಿನ ಬಿಡದೆ ಹೊಡೆಯಿತು. ಮಳೆ ಬಂದರೆ ಊರಿನ ಕರೆಂಟೆಲ್ಲ ಕೆಡುವುದು ರೂಢಿ. ನನ್ನ ಕೋಣೆಯಲ್ಲಿ ಮಾತ್ರ ಬಲ್ಬು ಬೆಳ್ಳಗೆ ಝಗಝಗ ಎಂದಿತು! ಮೀಟರಿನ ಮುಳ್ಳು ಎರಡುನೂರ ಇಪ್ಪತ್ತರ ಮೇಲೆ ನಿಂತಿತ್ತು. ಬಿಸಿಲು ಬಿದ್ದ ಮೇಲೆ ಮತ್ತೆ ಮೆಲ್ಲಗೆ ಇಳಿಯಿತು.

ಆ ಪುಟ ನೋಡಿ ಅಮರೇಶಪ್ಪ ತೊಡೆ ತಟ್ಟಿ ನಕ್ಕ.

"ಸಿಕ್ತು ನೋಡ್ರಿ ಕಳ್ಳ! ನಿಮ್ಮ ಮನೀ ಅರ್ತಿಂಗ್ ಒಣಗೇತಿ. ಮೀಟರ್ ಗೋಡಿ ಹತ್ರ ನೆಲದಾಗ ಒಂದು ಕಬ್ಬಿಣದ ಪೈಪು ಹುಗದಿರ್ತಾರ, ನೋಡ್ರಿ. ಸದ್ಯಕ್ಕ ಅದರ ಬುಡಕ್ಕ ದಿನಾ ಎರಡು ಕೊಡ ನೀರು ಹಾಕ್ರಿ. ದೂರ ನಿಂತು ಹಾಕ್ರಿ, ಮುಟ್ಟಬ್ಯಾಡ್ರಿ. ರವಿವಾರ ನಾನೇ ಬಂದು ನೋಡ್ತೀನಿ."

ಮಸ್ಕಿಗೆ ಬಂದು ಹುಡುಕಿದೆ. ಪೈಪು ನನ್ನ ಕಿಟಕಿಯ ಕೆಳಗೇ ಇತ್ತು, ಹುಲಿಗೆಮ್ಮ ಕೂರುತ್ತಿದ್ದ ಕಲ್ಲಿನ ಪಕ್ಕದಲ್ಲಿ, ನೆಲದಿಂದ ಒಂದು ಗೇಣು ಮೇಲೆ. ಅದರ ಸುತ್ತ ಮಣ್ಣು ಬಿರಿದು ಬೆಳ್ಳಗಾಗಿತ್ತು. ಆಕೆ ದಿನಾ ಚೆಲ್ಲುತ್ತಿದ್ದ ಭಾಂಡೆಯ ನೀರೇ ನನ್ನ ಯಂತ್ರವನ್ನು ನಡೆಸುತ್ತಿತ್ತು. ನೀರು ಸಿಡಿದರೆ ಯಂತ್ರ ಕೆಡುತ್ತದೆ ಎಂದು ಹೇಳಿ ನಾನು ಆಕೆಯನ್ನು ಎಬ್ಬಿಸಿದ್ದೆ.

ನನಗೆ ನಾಚಿಕೆಯಾಗಬೇಕಿತ್ತು. ಖುಷಿಯಾಯಿತು. ಆಕೆಯನ್ನು ಕರೆಯಲು ನೆವ ಸಿಕ್ಕಿತಲ್ಲ! ಎರಡು ಕೊಡ ನೀರು ನಾನೇ ಹಾಕಬಹುದಿತ್ತು. ದೂರ ನಿಂತು, ಮುಟ್ಟದೆ. ಮುಟ್ಟಬೇಡಿ ಎಂದದ್ದನ್ನು ಅಂಗಡಿಯವನ ಮಾಮೂಲಿ ಎಚ್ಚರಿಕೆ ಎಂದುಕೊಂಡು ಅಲ್ಲೇ ಬಿಟ್ಟೆ. ಹಿತ್ತಲಿಗೆ ಓಡಿ ಹೇಳಿದೆ.

"ದೊಡ್ಡವ್ವ, ನನ್ನ ಮಷೀನಿಗೆ ನಿನ್ನ ಭಾಂಡೆ ನೀರು ಬೇಕಂತ. ನಾಳಿಂದ ಮೊದಲಿನ ಜಾಗಾದಾಗ ಕೂಡು ಬಾ."

"ಮಷೀನಿಗೆ ಮುಸುರಿ ನೀರೇನ? ಯಾವ ಜಾತಿ ಎಮ್ಮಿ ಲೇ ಇದು!" ಎಂದು ಹುಲಿಗೆಮ್ಮ ಬಿದ್ದುಬಿದ್ದು ನಕ್ಕಳು. ಎಷ್ಟೋ ದಿನಗಳ ಮೇಲೆ ಕೇಳಿದ ನಗು ಅದು. ಅವತ್ತೇ ಸಂಜೆ ಬುಟ್ಟಿ ಹೊತ್ತು ಬಂದು ಕೂತಳು.

ಆ ಐದು ದಿನ ನಾನು ಸುಖವಾಗಿದ್ದೆ. ಬಲ್ಬು ಬೆಳ್ಳಗಿತ್ತು, ಅಡಾಪ್ಟರ್ ತಣ್ಣಗಿತ್ತು, ಹುಲಿಗೆಮ್ಮ ಕೂಡಿಟ್ಟುಕೊಂಡಿದ್ದ ಮಾತೆಲ್ಲ ಹೊರಗೆ ಬರುತ್ತಿತ್ತು. ಅಂಕಿ ತಪ್ಪಿದರೆ ತಪ್ಪಲಿ ಎಂದು ನಾನೂ ಮಾತಾಡಿದೆ, ಮನೆಯ ಜಗಳ, ಧಾರವಾಡ, ಎಲ್ಲ. ಒಮ್ಮೆ ಆಕೆ ಏಳುವಾಗ ಆ ಪೈಪನ್ನೇ ಹಿಡಿದು ಎದ್ದಳು, "ಕೈ ಜುಮ್ ಅಂತೈತಿ ನೋಡು, ನಾಟಿ ಹಚ್ಚಿ ಹಚ್ಚಿ ಜೋಮು ಹಿಡದೈತಿ" ಎಂದಳು. ಎಣ್ಣೆ ಹಚ್ಚಿಕೋ ಎಂದೆ ನಾನು, ಮಹಾ ಜಾಣೆ.

ರವಿವಾರ ಅಮರೇಶಪ್ಪ ಹೇಳಿದಂತೆ ಬಂದ. ಹುಲಿಗೆಮ್ಮನಿಗೆ ಅವತ್ತು ನಾಟಿಯ ಕೆಲಸ ಇರಲಿಲ್ಲ, ಅಂಗಳದಲ್ಲೇ ಇದ್ದಳು. ಅವನು ಟೆಸ್ಟರನ್ನು ಪೈಪಿಗೆ ಹಚ್ಚಿದ. ಟೆಸ್ಟರಿನ ಸಣ್ಣ ದೀಪ ಹತ್ತಿಕೊಂಡಿತು. ಅವನ ಕಣ್ಣು ಪಕ್ಕದ ಒದ್ದೆ ಕಲ್ಲಿನ ಮೇಲೆ, ಬೂದಿಯ ಮೇಲೆ, ತೆಂಗಿನ ನಾರಿನ ಮೇಲೆ ಹೋಯಿತು.

"ಇಲ್ಲಿ ಯಾರು ಕುಂದ್ರತಾರ್ರಿ?"

"ನಾನೇ ಅಪ್ಪಾ" ಎಂದಳು ಹುಲಿಗೆಮ್ಮ. "ಮಷೀನಿಗೆ ನೀರು ಬೇಕಂತ ಈ ತಂಗಿ ಕರದಾಳ."

ಅಮರೇಶಪ್ಪ ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು. "ಮೇಡಮ್ಮಾರ, ಮುಟ್ಟಬ್ಯಾಡ್ರಿ ಅಂತ ಹೇಳಿ ಕಳಿಸಿದ್ನಲ್ರೀ! ಕರೆಂಟಿಗೆ ಬರಾಕೊಂದು ದಾರಿ, ಹೋಗಾಕೊಂದು ದಾರಿ ಬೇಕು. ಹೋಗೂ ತಂತಿ ಅಲ್ಲಿ ಕಂಬದಾಗ ಕಡದೈತಿ. ಯಾವನೋ ಶಾಣ್ಯಾ ಅದನ್ನ ಜೋಡಸೂದು ಬಿಟ್ಟು ಮನೀ ವೈರು ತಂದು ಈ ಪೈಪಿಗೆ ಕಟ್ಟ್ಯಾನ. ನೆಲ ಹಸಿ ಇದ್ರ ಕರೆಂಟು ಬಹಳಷ್ಟು ನೆಲದಾಗ ಇಳೀತದ, ಆದ್ರೂ ಪೈಪಿನ್ಯಾಗ ಒಂದಿಷ್ಟು ಉಳೀತದ. ಒಣಗಿದ್ರ ಪೂರಾ ಪೈಪಿನ್ಯಾಗ ನಿಂತಿರ್ತದ. ಎಲ್ಲಿ ಕೈ ಇಡಬಾರದೋ ಅಲ್ಲೇ ಈ ತಾಯಿನ್ನ ಹಸಿ ಕೈಲೆ ಕುಂದ್ರಿಸೀರಲ್ರೀ. ಏನರ ಆಗಿದ್ರ?"

ಹುಲಿಗೆಮ್ಮ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಜುಮ್ ಎಂದದ್ದು ಯಾಕೆಂದು ಆಕೆಗೆ ಈಗ ತಿಳಿದಿತ್ತು. ಆಮೇಲೆ ನನ್ನ ಕಡೆ ತಿರುಗಿದಳು.

"ಆ ಡಬ್ಬಿ ಸಲುವಾಗಿ ನನ್ನ ಅಲ್ಲಿ ಕುಂದ್ರಿಸಿದ್ಯೇನ, ತಂಗಿ?"

ಹೌದು ಎಂದರೆ ಸುಳ್ಳು. ಅಲ್ಲ ಎಂದರೆ ಮತ್ತೇಕೆ ಎಂದು ಹೇಳಬೇಕು. ನಾನು ಅಮರೇಶಪ್ಪನ ಕಡೆ ತಿರುಗಿ, ಲೈನ್‌ಮನ್ ಯಾವಾಗ ಸಿಗುತ್ತಾನೆ ಎಂದು ಕೇಳಿದೆ. ಆಕೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಲೈನ್‌ಮನ್ ಬಂದು ಕಂಬ ಹತ್ತಿ ಕಡಿದ ತಂತಿಯನ್ನು ಜೋಡಿಸಿದ. ಹತ್ತು ನಿಮಿಷದ ಕೆಲಸ. ಅಮರೇಶಪ್ಪ ಹೇಳಿಕೊಟ್ಟಂತೆ ಪೈಪಿಗೆ ಕಟ್ಟಿದ್ದ ಮನೆಯ ವೈರನ್ನೂ ಬಿಚ್ಚಿಸಿದೆ. ಅಲ್ಲಿಂದ ಮುಂದೆ ಅಡಾಪ್ಟರ್ ಒಂದು ದಿನವೂ ತಕರಾರು ಮಾಡಲಿಲ್ಲ. ನಮೂನೆಗಳೆಲ್ಲ ಸರಸರನೆ ಮುಗಿದವು. ಸಾಹೇಬರು ಫೋನಿನಲ್ಲಿ ಭೇಷ್ ಎಂದರು. ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಹುಲಿಗೆಮ್ಮ ಎದುರಾದರೆ ಈಗ "ಬಂದ್ಯಾ" ಕೂಡ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಂಜೆ ಕೆಲಸ ಮುಗಿಸಿ, ಆ ಬೆಳ್ಳನೆಯ ಬಲ್ಬಿನ ಕೆಳಗೆ ಸುಮ್ಮನೆ ಕೂತಿರುತ್ತಿದ್ದೆ. ಎಷ್ಟೋ ಸಲ ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋಗಿ ಮರಳಿ ಬಂದಿದ್ದೇನೆ. ಹೀಗೆ ಒಂದು ತಿಂಗಳಿಗೂ ಮೇಲೆ ಕಳೆಯಿತು.

ದೀಪಾವಳಿ ಹತ್ತಿರ ಬಂತು. ಪೆಟ್ಟಿಗೆ ಕಟ್ಟಿದೆ. ಅವತ್ತು ಸಂಜೆ ಹಿತ್ತಲಿನಲ್ಲಿ ಭಾಂಡೆಯ ಸದ್ದು ಕೇಳಿದಾಗ, ನಾನು ಉಂಡ ತಾಟು ಲೋಟ ಹಿಡಿದುಕೊಂಡು ಹೋಗಿ ನೀರಿನ ಹೌದಿನ ಕಟ್ಟೆಯ ಮೇಲೆ ಆಕೆಯ ಪಕ್ಕ ಕೂತೆ. ಕೇಳದೆ ಬೂದಿ ತೆಗೆದುಕೊಂಡು ತಿಕ್ಕತೊಡಗಿದೆ. ಆಕೆ ಬೇಡ ಎನ್ನಲಿಲ್ಲ.

"ದೊಡ್ಡವ್ವ, ಅಲ್ಲಿ ಎರಡು ಕೊಡ ನೀರು ನಾನೇ ಹಾಕಬೋದಿತ್ತು. ಡಬ್ಬಿ ಸಲುವಾಗಿ ನಿನ್ನ ಕರೀಲಿಲ್ಲ. ನನಗ ಒಬ್ಬಾಕಿಗೇ ಇರಾಕ ಆಗಲಿಲ್ಲ, ಅದಕ್ಕ ಕರದೆ. ತಪ್ಪಾತು."

ಹೇಳುತ್ತ ಅಳು ಬಂತು. ಬೂದಿಯ ಕೈಯಲ್ಲೇ ಕಣ್ಣೊರೆಸಿಕೊಂಡೆ, ಉರಿಯಿತು. ಹುಲಿಗೆಮ್ಮ ತನ್ನ ಸೆರಗನ್ನು ಹೌದಿನ ನೀರಿನಲ್ಲಿ ಅದ್ದಿ ನನ್ನ ಕಣ್ಣೊರೆಸಿದಳು.

"ಇಷ್ಟು ಹೇಳಾಕ ಇಷ್ಟು ದಿನ ಬೇಕಾತೇನ ನಿನಗ?" ಎಂದಳು. "ಹುಚ್ಚಿ. ನೀ ಬರೂಕಿಂತ ಮೊದಲ ನಾ ಭಾಂಡೆ ಎಲ್ಲಿ ತಿಕ್ಕತಿದ್ದೆ ಗೊತ್ತೇನ? ಇಲ್ಲೇ. ನೀರು ಇಲ್ಲೇ ಐತಿ, ಬೂದಿ ಇಲ್ಲೇ ಐತಿ. ಮುಂದ್ಯಾಕ ಹೊತ್ಕೊಂಡು ಹೋಗ್ಲಿ? ನೀ ಬಂದ ಎರಡನೇ ದಿನಾ ಆ ಕಿಟಕ್ಯಾಗ ಕುಂತು ಒಬ್ಬಾಕಿನೇ ಅಳಾಕತ್ತಿದ್ದಿ. ಓದಿದಾಕಿ, ಯಾಕಂತ ಹೆಂಗ ಕೇಳೂದು? ಅದಕ್ಕ ಭಾಂಡೆ ಹೊತ್ಕೊಂಡು ಅಲ್ಲಿಗೆ ಬಂದೆ. ನನಗೂ ಮನ್ಯಾಗ ಯಾರು ಅದಾರ, ಮಾತಾಡಾಕ?"

ಮರುದಿನ ಬೆಳಿಗ್ಗೆ ಏಳಕ್ಕೆ ನನ್ನ ಬಸ್ಸಿತ್ತು.